ಕಾರ್ಡಿನ ಹಿಂಬದಿ

"ಈ ಚರ್ಚಿನಿಂದ ಮೂರೇ ಬೀದಿ ಆಚೆ ಒಬ್ಬ ತಾಯಿ ಇದಾರೆ," ಎಂದು ಬ್ರೆಂಟ್ ಹ್ಯಾಲ್ಡೇನ್ ಮೈಕಿನಲ್ಲಿ ಹೇಳಿದಾಗ ದಾರ್ಕಾ ದೊಡ್ಡ ಬಾಣಲೆಯಲ್ಲಿ ಈರುಳ್ಳಿ ತಿರುವುತ್ತಿದ್ದಳು. ಮೊದಲು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಚುನಾವಣೆ ಬಂತೆಂದರೆ ಪ್ರತಿ ಅಭ್ಯರ್ಥಿಯ ಭಾಷಣದಲ್ಲೂ ಒಬ್ಬ ತಾಯಿ ಇದ್ದೇ ಇರುತ್ತಾಳೆ, ಅವಳಿಗೊಂದು ಕಷ್ಟವೂ ಇರುತ್ತದೆ. ನಲವತ್ತು ವರ್ಷದಿಂದ ದಾರ್ಕಾ ಅಂಥ ತಾಯಂದಿರನ್ನು ಬೇಕಾದಷ್ಟು ಕೇಳಿದ್ದಳು.

"ಹಸಿರು ಬಾಗಿಲಿನ ಮನೆ. ಹೆಸರು ವಿವಿಯನ್," ಎಂದ ಬ್ರೆಂಟ್. "ಎರಡು ವರ್ಷದ ಹಿಂದೆ ಅವರ ಮಗಳು ಮಾದಕ ವಸ್ತು ತಗೊಂಡು ಸತ್ತುಹೋದ್ಲು. ಆ ತಾಯಿ ನಾಚಿಕೆ ತಡೀಲಾರದೆ ಊರಿಗೆಲ್ಲ ಹೃದಯಾಘಾತ ಅಂತ ಹೇಳ್ಕೊಂಡು ಬಂದಿದಾರೆ. ಸ್ವಂತ ಮೊಮ್ಮಗಳಿಗೂ ನಿಜ ಹೇಳಿಲ್ಲ. ಒಟ್ಟಾವಾದ ಪಾರ್ಲಿಮೆಂಟಲ್ಲಿ ಕೂತಿರೋರಿಗೆ ಈ ನೋವು ಗೊತ್ತಾ? ನನ್ನನ್ನ ಅಲ್ಲಿಗೆ ಕಳಿಸಿ. ವಿವಿಯನ್ ಪರವಾಗಿ ನಾನು ಮಾತಾಡ್ತೀನಿ."

ದಾರ್ಕಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಚರ್ಚಿನ ನೆಲಮಾಳಿಗೆಯಲ್ಲಿ ಆ ಶುಕ್ರವಾರದ ಊಟಕ್ಕೆ ನೂರಿಪ್ಪತ್ತು ಜನ ಸೇರಿದ್ದರು. ಮೂರನೆಯ ಮೇಜಿನ ಕೊನೆಯಲ್ಲಿ ವಿವಿಯನ್ ಡುಮಾಸ್ ಕೂತಿದ್ದಳು, ಮುಂದೆ ಆಲೂಗಡ್ಡೆ ತುಂಬಿದ ಕಡುಬಿನಂಥ ಪೆರೋಗಿಯ ಅರ್ಧ ತಿಂದ ತಟ್ಟೆ. ಕಾಲು ಗಂಟೆ ಹಿಂದೆ ಬ್ರೆಂಟ್ ಇದೇ ವಿವಿಯನ್‌ಳ ಕೈ ಕುಲುಕಿದ್ದ. "ಊಟ ಚೆನ್ನಾಗಿದೆ ಅಲ್ವಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಪಕ್ಕದವರ ಕೈ ಹಿಡಿದಿದ್ದ. ಹೆಸರು ಕೇಳಿರಲಿಲ್ಲ.

ಯಾರೋ ಚಪ್ಪಾಳೆ ಶುರುಮಾಡಿದರು. ವಿವಿಯನ್‌ಳ ಬೀದಿಯವರು ಯಾರೂ ತಟ್ಟಲಿಲ್ಲ. ಅವರೆಲ್ಲ ತಟ್ಟೆ ನೋಡುತ್ತ ಕೂತರು, ಒಬ್ಬಿಬ್ಬರು ಓರೆಗಣ್ಣಿನಲ್ಲಿ ಮೂರನೆಯ ಮೇಜು ನೋಡಿದರು. ವಿವಿಯನ್ ಫೋರ್ಕನ್ನು ತಟ್ಟೆಯ ಅಂಚಿಗೆ ನೆಟ್ಟಗೆ ಇಟ್ಟಳು. ಕುರ್ಚಿಯ ಬೆನ್ನಿನಿಂದ ಕೋಟು ತೆಗೆದು, ಒಂದೊಂದೇ ಗುಂಡಿ ಹಾಕಿಕೊಂಡು, ಅಡುಗೆಮನೆಯ ಕಿಂಡಿಯ ಕಡೆ ಒಮ್ಮೆ ನೋಡಿದಳು. ಅಲ್ಲಿ ದಾರ್ಕಾ ನಿಂತಿದ್ದಳು. ಆಮೇಲೆ ವಿವಿಯನ್ ಮೆಟ್ಟಿಲು ಹತ್ತಿ ಹೋದಳು.

ದಾರ್ಕಾ ಏಪ್ರನ್ನಿನಲ್ಲೇ ಹಿಂದೆ ಓಡಿದಳು. ಹಿಟ್ಟು ಲಟ್ಟಿಸುತ್ತಿದ್ದ ಹಾಲ್ಯಾ ಕೂಗಿದಳು: "ಮೆಲ್ಲಗೆ ಕಣೇ, ಹೊರಗಡೆ ಮೆಟ್ಟಿಲ ಮೇಲೆ ಹಿಮ ಕಟ್ಟಿದೆ. ಆ ವರ್ಷ ಜಾರಿ ಬಿದ್ದು ಪಕ್ಕೆಲುಬು ಮುರ್ಕೊಂಡದ್ದು ಮರೆತೋಯ್ತಾ?" ದಾರ್ಕಾ ಮೇಲೆ ಬರುವಷ್ಟರಲ್ಲಿ ಬೀದಿಯಲ್ಲಿ ಯಾರೂ ಇರಲಿಲ್ಲ. ವಾಪಸು ಬಂದಾಗ ಈರುಳ್ಳಿ ಸೀದುಹೋಗಿತ್ತು. ಬ್ರೆಂಟ್ ಫೋಟೋಕ್ಕೆಂದು ಒಂದು ಪೆರೋಗಿಯನ್ನು ಬಾಯಿಯ ಹತ್ತಿರ ಹಿಡಿದುಕೊಂಡಿದ್ದ. ಫೋಟೋ ಮುಗಿದ ಮೇಲೆ ಅದನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ಮೇಜಿನ ಕೆಳಗೆ ತಳ್ಳಿದ.

ಅವನ ಬಾಯಿಂದ ಬಂದದ್ದು ಅವನ ಮಾತಲ್ಲ ಎನ್ನುವುದು ಅವಳಿಗೆ ಹಸಿರು ಬಾಗಿಲು ಎಂದ ಕೂಡಲೇ ಗೊತ್ತಾಗಿತ್ತು. ಅದು ಅವಳ ಮಾತು, ಅವಳ ಕೈಬರಹ.

ದಾರ್ಕಾ ಇಪ್ಪತ್ತಾರು ವರ್ಷ ವಿನ್ನಿಪೆಗ್ ನಗರದ ಬಸ್ಸು ಓಡಿಸಿದವಳು. ಊರಿನ ಉತ್ತರ ಭಾಗದ ಬೀದಿಗಳಲ್ಲಿ ಯಾವ ಮೂಲೆಯಲ್ಲಿ ಯಾರು ಹತ್ತುತ್ತಾರೆ, ಯಾರ ಮೊಣಕಾಲು ನೋಯುತ್ತದೆ, ಯಾರ ಮನೆಯಲ್ಲಿ ಯಾರ ಜೊತೆ ಯಾರಿಗೆ ಮಾತಿಲ್ಲ, ಎಲ್ಲ ಬಲ್ಲವಳು. ಚುನಾವಣೆ ಬಂದಾಗ ಪಕ್ಷಕ್ಕಾಗಿ ಮನೆ ಮನೆ ತಟ್ಟುವುದು ಅವಳ ಕೆಲಸ. ಮನೆಗೊಂದು ಕಾರ್ಡು. ಮುಂಬದಿಯಲ್ಲಿ ಹೆಸರು, ವಿಳಾಸ, ಆಮೇಲೆ ಒಂದರಿಂದ ಐದರವರೆಗೆ ಒಂದು ಅಂಕಿ. ಒಂದು ಅಂದರೆ ಕಣ್ಣು ಮುಚ್ಚಿಕೊಂಡು ನಮಗೇ ಹಾಕುವವರು, ಐದು ಅಂದರೆ ಮುಖದ ಮೇಲೆ ಬಾಗಿಲು ಬಡಿಯುವವರು. ಹಿಂಬದಿಯಲ್ಲಿ ನಾಲ್ಕು ಖಾಲಿ ಗೆರೆ. ಬೇರೆಯವರು ಅಲ್ಲಿ "ಮನೇಲಿರಲಿಲ್ಲ" ಎಂದು ಗೀಚಿ ಮುಗಿಸುತ್ತಿದ್ದರು. ದಾರ್ಕಾ ನಾಲ್ಕೂ ಗೆರೆ ತುಂಬಿಸಿ ಅಂಚಿನಲ್ಲೂ ಬರೆಯುತ್ತಿದ್ದಳು. "ಎಡಗಿವಿ ಕೇಳಲ್ಲ, ಬಲಗಡೆ ನಿಂತು ಮಾತಾಡಿ." "ಗಂಡ ಹೋದ ಮೇಲೆ ಮೊದಲನೇ ಚುನಾವಣೆ. ಕಾಫಿ ಕೊಟ್ಟರೆ ಬೇಡ ಅನ್ನಬೇಡಿ." "ಮಗ ಜೈಲಲ್ಲಿದ್ದಾನೆ, ಮಕ್ಕಳೆಷ್ಟು ಅಂತ ಕೇಳಬೇಡಿ."

ಈ ಸಲ ಮೇಲಿನಿಂದ ಬಂದ ಅಪ್ಪಣೆ, ಪ್ರತಿ ಬಾಗಿಲಲ್ಲೂ ಮೊದಲು ಮಾದಕ ವಸ್ತುವಿನ ಮಾತು ಎತ್ತಬೇಕು ಎಂದಾಗಿತ್ತು. ಅದನ್ನು ಓದಿದ ದಿನವೇ ದಾರ್ಕಾ ವಿವಿಯನ್‌ಳ ಕಾರ್ಡು ಹುಡುಕಿ ತೆಗೆದು ಬರೆದಿದ್ದಳು: "ಇಲ್ಲಿ ಆ ಮಾತು ಬೇಡ. ಮಗಳು ಅದರಲ್ಲೇ ಹೋದಳು. ನಾಚಿಕೆಗೆ ಹೃದಯ ಅಂತ ಹೇಳಿಕೊಂಡಿದ್ದಾಳೆ. ಮೊಮ್ಮಗಳಿಗೂ ಗೊತ್ತಿಲ್ಲ." ಕೆಳಗೆ ಎರಡು ಗೆರೆ ಎಳೆದಿದ್ದಳು.

ಅಲ್ಲಿಯವರೆಗೆ ಆ ಕಾರ್ಡುಗಳು ಅವಳ ಮನೆಯಲ್ಲಿ ಬೂಟಿನ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಸೆಪ್ಟೆಂಬರಿನಲ್ಲಿ ಕೇಂದ್ರ ಕಚೇರಿಯಿಂದ ಪ್ರಚಾರ ನಡೆಸಲು ಬಂದ ಕೆಂಡ್ರಾ ಎನ್ನುವವಳು ಪೆಟ್ಟಿಗೆ ನೋಡಿ ಕಣ್ಣರಳಿಸಿ, "ದಾರ್ಕಾ, ಇದು ಚಿನ್ನ. ಒಂದು ವಾರ ಕೊಡಿ," ಎಂದಿದ್ದಳು. ನಲವತ್ತು ವರ್ಷದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ದಾರ್ಕಾ ಹಿಗ್ಗಿ ಹೀರೇಕಾಯಿಯಾಗಿ ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ಹೋಗಿ ಕೊಟ್ಟಿದ್ದಳು.

ಶನಿವಾರ ಬೆಳಿಗ್ಗೆ ಅವಳು ಪ್ರಚಾರ ಕಚೇರಿಗೆ ಹೋದಳು. ಅದು ಮುಚ್ಚಿಹೋದ ಒಂದು ಲಾಂಡ್ರಿ ಅಂಗಡಿ. ಒಳಗೆ ಇನ್ನೂ ಸೋಪಿನ ವಾಸನೆ. ಗೋಡೆ ತುಂಬ ಬ್ರೆಂಟ್‌ನ ನಗು. ನದಿಯ ದಕ್ಷಿಣದ ದೊಡ್ಡ ಮನೆಗಳ ಕಡೆಯ ವಕೀಲ ಅವನು. ಇಲ್ಲಿನ ಹಳೆಯ ಸಂಸದರು ನಿವೃತ್ತರಾದಾಗ ಪಕ್ಷದವರು ಅವನನ್ನು ಎತ್ತಿ ಇಲ್ಲಿ ತಂದು ಇಳಿಸಿದ್ದರು.

ಕೆಂಡ್ರಾ ಫೋನಿನಿಂದ ತಲೆ ಎತ್ತಿದಳು. "ದಾರ್ಕಾ, ನೋಡಿದ್ರಾ? ನಿನ್ನೆ ವಿಡಿಯೋ ಬೆಳಿಗ್ಗೆ ಅಷ್ಟೊತ್ತಿಗೆ ನಲವತ್ತು ಸಾವಿರ ಜನ ನೋಡಿದಾರೆ."

"ನೀವು ವಿಡಿಯೋ ಮಾಡಿದ್ರಾ?"

"ಮಾಡ್ದೆ ಇರ್ತೀವಾ? ಹಸಿರು ಬಾಗಿಲು ಅನ್ನೋದು ಎಷ್ಟು ಚೆನ್ನಾಗಿ ಕೂತಿದೆ ಅಂದ್ರೆ... ನಿಮ್ಮ ಕಾರ್ಡಲ್ಲಿ ಇದ್ದದ್ದೇ ಅದು. ಮಾತು ನಿಮ್ದೇ, ನಾವು ಒಂಚೂರು ತಿದ್ದಿದ್ವಿ ಅಷ್ಟೆ."

"ಆ ಕಾರ್ಡಲ್ಲಿ ಆ ಮಾತು ಎತ್ತಬೇಡಿ ಅಂತ ಬರೆದಿದ್ದೆ. ಕೆಳಗೆ ಗೆರೆ ಎಳೆದಿದ್ದೆ."

"ಮನೆ ಬಾಗಿಲಲ್ಲಿ ಎತ್ತಬೇಡಿ ಅಂತ ತಾನೆ ಬರೆದಿದ್ದು? ನಾವು ಅವರ ಬಾಗಿಲಿಗೆ ಹೋಗೇ ಇಲ್ಲ."

ದಾರ್ಕಾ ಅವಳ ಮುಖ ನೋಡಿದಳು. ತಮಾಷೆ ಮಾಡುತ್ತಿಲ್ಲ ಹುಡುಗಿ. ನಿಜವಾಗಿಯೂ ಅದು ಉತ್ತರ ಅಂದುಕೊಂಡಿದ್ದಾಳೆ.

"ಅದನ್ನ ಅಳಿಸಿಹಾಕು," ಎಂದಳು. "ವಿಡಿಯೋನೂ ಅಳಿಸು, ನನ್ನ ಕಾರ್ಡುಗಳಿಂದ ಬರ್ಕೊಂಡದ್ದನ್ನೂ ಅಳಿಸು."

"ಅದೆಲ್ಲ ಒಟ್ಟಾವಾದ ಕೇಂದ್ರ ಕಚೇರಿಗೆ ಹೋಗಿದೆ ದಾರ್ಕಾ. ಅಲ್ಲಿ ಸೇರಿಬಿಟ್ಟ ಮೇಲೆ ನನ್ನ ಕೈಲಿ ಇಲ್ಲ." ಕೆಂಡ್ರಾ ದನಿ ಇಳಿಸಿದಳು. "ವಿವಿಯನ್ ನಿಮ್ಮ ಫ್ರೆಂಡ್ ಅಲ್ವಾ? ಕ್ಯಾಮೆರಾ ಮುಂದೆ ಎರಡೇ ಎರಡು ನಿಮಿಷ ಕೂರ್ತಾರಾ ಕೇಳಿ ನೋಡಿ. ಅಳ್ಬೇಕು ಅಂತೇನಿಲ್ಲ."

ಅಷ್ಟರಲ್ಲಿ ಬ್ರೆಂಟ್ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಒಳಗೆ ಬಂದ. ವಿಷಯ ಕೇಳಿ ಹುಬ್ಬು ಗಂಟಿಕ್ಕಿದ. ನೊಂದುಕೊಳ್ಳುವಾಗ ಹುಬ್ಬು ಹೇಗೆ ಇರಬೇಕೆಂದು ಅವನಿಗೆ ಯಾರೋ ಕಲಿಸಿದ್ದರು. "ಅವರು ಅಲ್ಲೇ ಇದ್ರಾ? ಅಯ್ಯೋ, ನನಗೆ ಯಾರೂ ಹೇಳ್ಲೇ ಇಲ್ಲ. ಗೊತ್ತಿದ್ದಿದ್ರೆ ವೇದಿಕೆಗೆ ಕರೀತಿದ್ದೆ." ದಾರ್ಕಾಳ ಭುಜದ ಮೇಲೆ ಕೈ ಇಟ್ಟ. "ನೋಡಿ ದಾರ್ಕಾ, ಇನ್ನೂರು ಮುನ್ನೂರು ಓಟಿನ ಆಟ ಇದು. ನಾವು ಗೆದ್ರೆ ಅವರಂಥೋರಿಗೇ ಒಳ್ಳೇದಾಗೋದು."

"ಕೈ ತೆಗೀರಿ," ಎಂದಳು ದಾರ್ಕಾ.

ಅವನು ತೆಗೆದ. ತೆಗೆದು, ಏನೋ ಅಂಟಿಕೊಂಡಿದೆಯೇನೋ ಎಂಬಂತೆ ಬೆರಳು ಒರೆಸಿಕೊಂಡ. ಥೂ, ಇಂಥವನಿಗಾಗಿ ತಾನು ಎಂಟು ವಾರ ಮೊಣಕಾಲು ನೋಯಿಸಿಕೊಂಡು ಮೆಟ್ಟಿಲು ಹತ್ತಿದ್ದೆನಲ್ಲ ಎಂದು ದಾರ್ಕಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಪಾಟಿನ ಮೇಲಿದ್ದ ಬೂಟಿನ ಪೆಟ್ಟಿಗೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಯಾರೂ ತಡೆಯಲಿಲ್ಲ. ಅವರಿಗೆ ಅದು ಬೇಕಾಗಿಯೇ ಇರಲಿಲ್ಲ.

ವಿವಿಯನ್‌ಳ ಮನೆ ದಾರ್ಕಾಳ ಮನೆಗೆ ಎದುರು. ಮಧ್ಯಾಹ್ನ ಅವಳು ಪೆಟ್ಟಿಗೆ ಸಮೇತ ಬೀದಿ ದಾಟಿದಳು. ಇಪ್ಪತ್ತು ಹೆಜ್ಜೆ. ಹಿಂದೊಂದು ಸಲ ಇದೇ ಇಪ್ಪತ್ತು ಹೆಜ್ಜೆಯನ್ನು ಅವಳು ಜನವರಿಯ ಹಿಮದಲ್ಲಿ ಬರಿಗಾಲಲ್ಲಿ ದಾಟಿದ್ದಳು. ಹಿಂದೆ ಗಂಡ ಪೆಟ್ರೋ, ಅವನ ಕೈಯಲ್ಲಿ ಹಿಮ ಬಳಿಯುವ ಸಲಿಕೆ. ವಿವಿಯನ್ ಬಾಗಿಲು ತೆರೆದು ಅವಳನ್ನು ಒಳಗೆಳೆದು ಚಿಲಕ ಹಾಕಿದ್ದಳು. ಬೆಳಿಗ್ಗೆ ಆಸ್ಪತ್ರೆಯಲ್ಲಿ, ಮುರಿದ ಪಕ್ಕೆಲುಬಿಗೆ ಪಟ್ಟಿ ಕಟ್ಟಿದ ಮೇಲೆ ಪೊಲೀಸು ಬಂದಾಗ ದಾರ್ಕಾಳೇ ಅವಳ ಕೈ ಹಿಡಿದು ಬೇಡಿಕೊಂಡಿದ್ದಳು, ಚರ್ಚಿನವರಿಗೆ ಗೊತ್ತಾಗೋದು ಬೇಡ ಅಂತ. ವಿವಿಯನ್ ಪೊಲೀಸಿನವನ ಮುಖವನ್ನು ನೆಟ್ಟಗೆ ನೋಡಿ, "ಹಿಮದ ಮೇಲೆ ಜಾರಿ ಬಿದ್ಲು, ಅಷ್ಟೆ," ಎಂದಿದ್ದಳು. ಅದು ಸಾವಿರದ ಒಂಬೈನೂರ ತೊಂಬತ್ತೊಂದು. ಪೆಟ್ರೋ ಸತ್ತು ಹನ್ನೆರಡು ವರ್ಷವಾಯಿತು. ಚರ್ಚಿನ ಹೆಂಗಸರು ಇಂದಿಗೂ ಅವನ ಹಾಡುಗಾರಿಕೆ ನೆನೆಸಿಕೊಳ್ಳುತ್ತಾರೆ, ನವೆಂಬರ್ ಬಂದರೆ ದಾರ್ಕಾಳಿಗೆ ಜಾರಬೇಡವೇ ಎನ್ನುತ್ತಾರೆ.

ವಿವಿಯನ್ ಹಸಿರು ಬಾಗಿಲು ತೆರೆದಳು. ಹೊರಗಿನ ಗಾಜಿನ ಬಾಗಿಲನ್ನು ಒಂದು ಗೇಣು ಮಾತ್ರ ತಳ್ಳಿ ನಿಂತಳು. ಒಳಗೆ ಬಾ ಅನ್ನಲಿಲ್ಲ.

"ನಾನೇ," ಎಂದಳು ದಾರ್ಕಾ.

"ಗೊತ್ತು. ನಿನ್ನ ಬಿಟ್ಟು ಯಾರಿಗೂ ಹೇಳಿರ್ಲಿಲ್ಲ."

"ಬಾಯಿ ಬಿಟ್ಟು ಹೇಳ್ಲಿಲ್ಲ ವಿವಿ. ಬರೆದಿದ್ದೆ."

"ಎಲ್ಲಿ, ತೋರ್ಸು."

ದಾರ್ಕಾ ಕಾರ್ಡು ಕೊಟ್ಟಳು. ವಿವಿಯನ್ ಕತ್ತಿನಲ್ಲಿ ತೂಗುತ್ತಿದ್ದ ಕನ್ನಡಕ ಏರಿಸಿಕೊಂಡು ಮುಂಬದಿ ನೋಡಿದಳು. "ಈ ಒಂದು ಅಂದ್ರೇನು?"

"ನಮ್ಮೋರು ಅಂತ. ಗ್ಯಾರಂಟಿ ಓಟು."

"ನಿಮ್ಮೋರು," ಎಂದಳು ವಿವಿಯನ್. ಕಾರ್ಡು ತಿರುಗಿಸಿದಳು. ಸಣ್ಣ ದನಿಯಲ್ಲಿ ಬಾಯಿಬಿಟ್ಟು ಓದತೊಡಗಿದಳು. "'ನಾಯಿ ಕಚ್ಚಲ್ಲ, ಹೆದರಬೇಡಿ.' ಬೋ ಸತ್ತು ಆರು ವರ್ಷ ಆಯ್ತಲ್ಲೇ."

"ಆ ಸಾಲು ಹೊಡೆದುಹಾಕೋಕೆ ಮನಸ್ಸು ಬರ್ಲಿಲ್ಲ."

ವಿವಿಯನ್‌ಳ ತುಟಿ ಒಂದು ಕ್ಷಣ ಸಡಿಲವಾಯಿತು. ಆಮೇಲೆ ಕಣ್ಣು ಕೆಳಗಿನ ಗೆರೆಗಳಿಗೆ ಇಳಿಯಿತು. ಅದನ್ನು ಅವಳು ಗಟ್ಟಿಯಾಗಿ ಓದಲಿಲ್ಲ. ಎರಡು ಸಲ ಓದಿದಳು ಎಂದು ದಾರ್ಕಾಳಿಗೆ ಕಣ್ಣಿನ ಚಲನೆಯಿಂದ ತಿಳಿಯಿತು.

"ಯಾಕೆ ಬರೆದೆ?"

"ಬೇರೆ ಯಾರಾದ್ರೂ ಬಂದು ನಿನ್ನ ಮುಂದೆ ಆ ಮಾತು ಎತ್ತಬಾರ್ದು ಅಂತ. ನಿನಗೆ ನೋವಾಗಬಾರ್ದು ಅಂತ."

"ನನ್ನ ಬಾಗಿಲಿಗೆ ನೀನೇ ಬರಬಹುದಿತ್ತಲ್ಲ. ಬೀದಿ ದಾಟಿದ್ರೆ ಆಯ್ತು. ಬೇರೆಯವರು ಯಾಕೆ ಬರಬೇಕಿತ್ತು?"

ಹದಿನಾಲ್ಕು ಬೀದಿಯ ಉಸ್ತುವಾರಿ ತನ್ನದು, ಗೊತ್ತಿರುವವರ ಮನೆಗೆ ಹೋಗಿ ಸಮಯ ಹಾಳುಮಾಡಬೇಡಿ ಎಂದು ಕೆಂಡ್ರಾ ಹೇಳಿದ್ದಳು ಎನ್ನುವುದು ನಿಜ. ಆ ಮಾತನ್ನು ಇಲ್ಲಿ ಆಡುವಷ್ಟು ಅವಳು ಇನ್ನೂ ಕೆಟ್ಟಿರಲಿಲ್ಲ.

"ಜೋಸಿ ಬೆಳಿಗ್ಗೆ ಹಾಕಿ ಆಡೋಕೆ ಹೋಗಿದ್ಲು," ಎಂದಳು ವಿವಿಯನ್. ಹನ್ನೊಂದು ವರ್ಷದ ಮೊಮ್ಮಗಳು ಅವಳು. "ಬಟ್ಟೆ ಬದಲಾಯಿಸೋ ಕೋಣೇಲಿ ಇಬ್ರು ಹುಡುಗೀರು ಫೋನಲ್ಲಿ ತೋರಿಸಿದಾರೆ. ಮನೆಗೆ ಬಂದು ಏನು ಕೇಳಿದ್ಲು ಗೊತ್ತಾ? ಅಮ್ಮ ಹೇಗೆ ಸತ್ಲು ಅಂತ ಕೇಳ್ಲಿಲ್ಲ. ನೀನು ಇನ್ನೂ ಏನೇನು ಸುಳ್ಳು ಹೇಳಿದೀಯ ನಂಗೆ, ಅಂತ ಕೇಳಿದ್ಲು. ಆಗ್ಲಿಂದ ರೂಮಿಂದ ಆಚೆ ಬಂದಿಲ್ಲ."

"ನಾನು ಅವಳ ಹತ್ರ ಮಾತಾಡ್ಲಾ?"

"ಬೇಡ."

ಗಾಜಿನ ಬಾಗಿಲು ಮುಚ್ಚುವ ಮುನ್ನ ವಿವಿಯನ್ ಪೆಟ್ಟಿಗೆಯ ಕಡೆ ಕೈ ತೋರಿಸಿದಳು. "ಖಾಲಿ ಕಾರ್ಡು ಇದ್ಯಾ ಅದ್ರಲ್ಲಿ? ಒಂದು ಕೊಡು."

ದಾರ್ಕಾ ಪೆಟ್ಟಿಗೆಯ ತಳದಿಂದ ಒಂದು ತೆಗೆದು ಕೊಟ್ಟಳು. ವಿವಿಯನ್ ಎರಡೂ ಕಾರ್ಡುಗಳನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡು ಬಾಗಿಲು ಹಾಕಿದಳು.

ಭಾನುವಾರ ಬೆಳಿಗ್ಗೆ ಎದ್ದಾಗ ಬೀದಿಯ ಪ್ರತಿ ಬಾಗಿಲಲ್ಲೂ ಎದುರು ಪಕ್ಷದ ಕರಪತ್ರ ಸಿಕ್ಕಿಸಿತ್ತು. ವಿವಿಯನ್‌ಳ ಹಸಿರು ಬಾಗಿಲಿನದೇ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ: "ಈ ಮನೆಯ ಮಗಳನ್ನು ಕೊಂದವರು ಯಾರು?" ಉತ್ತರವೂ ಅಲ್ಲೇ ಇತ್ತು, ಬ್ರೆಂಟ್‌ನ ಪಕ್ಷದ ಹೆಸರು. ಇವರು ನಾಲಿಗೆಯಲ್ಲಿ ನೆಕ್ಕಿ ಬಿಟ್ಟದ್ದನ್ನು ಅವರು ಬಂದು ಹಲ್ಲಿನಲ್ಲಿ ಕಚ್ಚಿಕೊಂಡು ಹೋಗಿದ್ದರು. ದಾರ್ಕಾ ನೈಟಿಯ ಮೇಲೆ ಕೋಟು ಹಾಕಿಕೊಂಡು ಹೊರಟಳು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಬಾಗಿಲಿಗೆ ಹೋಗಿ ಕರಪತ್ರ ಕಿತ್ತಳು. ಎಂಟು ವಾರದಿಂದ ಇವೇ ಬಾಗಿಲುಗಳಿಗೆ ಅವಳೇ ಕಾಗದ ಸಿಕ್ಕಿಸಿದ್ದಳು. ಒಬ್ಬ ಮುದುಕ ಕಿಟಕಿ ತೆರೆದು, "ಏನು ದಾರ್ಕಾ, ಈಗ ಕದಿಯೋದಕ್ಕೂ ಶುರುಮಾಡಿದ್ಯಾ?" ಎಂದು ನಕ್ಕ. ಅವಳು ತಿರುಗಿ ನೋಡಲಿಲ್ಲ. ಮನೆಗೆ ಬಂದು ಕರಪತ್ರಗಳನ್ನೂ ಪೆಟ್ಟಿಗೆಯಲ್ಲಿದ್ದ ಕಾರ್ಡುಗಳನ್ನೂ ಹಿತ್ತಲಿನ ತಗಡಿನ ಡಬ್ಬದಲ್ಲಿ ಹಾಕಿ ಸುಟ್ಟಳು. ಸುಡುವಾಗಲೂ ಗೊತ್ತಿತ್ತು, ಎಡಗಿವಿ ಕೇಳದವರು, ಗಂಡ ಹೋದವರು, ಮಗ ಜೈಲಲ್ಲಿರುವವರು ಎಲ್ಲ ಒಟ್ಟಾವಾದ ಯಾವುದೋ ಯಂತ್ರದೊಳಗೆ ಹಾಗೇ ಕೂತಿದ್ದಾರೆ, ಇನ್ನು ಹತ್ತು ಚುನಾವಣೆಗೂ ಕೂತಿರುತ್ತಾರೆ ಎಂದು.

ಸೋಮವಾರ ಮತದಾನ. ಬೆಳಿಗ್ಗೆ ಏಳಕ್ಕೇ ದಾರ್ಕಾಳ ಫೋನಿಗೆ ಸಂದೇಶ ಬಂತು. "ನಮಸ್ಕಾರ ದಾರ್ಕಾ! ನೀವು ನಮ್ಮವರು. ಮತ ಹಾಕಿದಿರಾ?" ಕಳಿಸಿದ್ದು ಮನುಷ್ಯರಲ್ಲ.

ಹತ್ತು ಗಂಟೆಗೆ ಅವಳು ಕಾರು ತೆಗೆದು ವಿವಿಯನ್‌ಳ ಮನೆಯ ಮುಂದೆ ನಿಲ್ಲಿಸಿದಳು. ಸಾವಿರದ ಒಂಬೈನೂರ ಎಂಬತ್ತನಾಲ್ಕರಿಂದ ಒಂದು ಚುನಾವಣೆಯೂ ತಪ್ಪಿಸದೆ ಇಬ್ಬರೂ ಹತ್ತು ಗಂಟೆಗೆ ಒಟ್ಟಿಗೆ ಹೋಗುವುದು. ಶಾಲೆಯ ವ್ಯಾಯಾಮದ ಹಾಲಿನಲ್ಲಿ ಓಟು ಹಾಕಿ, ವಾಪಸು ಬರುವಾಗ ಒಂದು ಡೋನಟ್ ಕೊಂಡು ಅರ್ಧ ಅರ್ಧ ತಿನ್ನುವುದು. ದೊಡ್ಡ ಅರ್ಧ ಯಾವಾಗಲೂ ವಿವಿಯನ್‌ಗೆ. ಇವತ್ತು ಕರೆಯುವ ಧೈರ್ಯ ದಾರ್ಕಾಳಿಗೆ ಇರಲಿಲ್ಲ. ಹಾರ್ನ್ ಮಾಡಲಿಲ್ಲ. ವಿವಿಯನ್‌ಗೆ ಸೊಂಟ ನೋವು ಎಂದು ಪಕ್ಕದ ಸೀಟಿನ ಹೀಟರ್ ಹಾಕಿ, ಸ್ಟಿಯರಿಂಗ್ ಹಿಡಿದು ಕೂತಳು. ಸಣ್ಣಗೆ ಹಿಮ ಉದುರತೊಡಗಿತ್ತು.

ಹತ್ತೂ ಐದಕ್ಕೆ ಹಸಿರು ಬಾಗಿಲು ತೆರೆಯಿತು. ಶಾಲೆಯ ದಿನವಾದರೂ ಜೋಸಿ ಶಾಲೆಗೆ ಹೋಗಿರಲಿಲ್ಲ, ಬಾಗಿಲ ಗಾಜಿಗೆ ಹಣೆಯಿಟ್ಟು ನಿಂತಿದ್ದಳು. ವಿವಿಯನ್ ರೈಲಿಂಗು ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ದಾರ್ಕಾ ಬಗ್ಗಿ ಪಕ್ಕದ ಬಾಗಿಲಿನ ಲಾಕು ತೆಗೆದಳು. ವಿವಿಯನ್ ಕಾರಿನ ಹತ್ತಿರ ಬಂದು, ಬಾಗಿಲಿಗೆ ಕೈ ಹಾಕದೆ, ಜೇಬಿನಿಂದ ಏನೋ ತೆಗೆದು ಮುಂದಿನ ಗಾಜಿನ ವೈಪರ್ ಕೆಳಗೆ ಸಿಕ್ಕಿಸಿದಳು. ಕಣ್ಣೆತ್ತಿ ನೋಡಲಿಲ್ಲ. ಮೂಲೆಯ ಬಸ್ ನಿಲ್ದಾಣದ ಕಡೆ ನಡೆದಳು. ದಾರ್ಕಾ ಹದಿನೇಳು ವರ್ಷ ಓಡಿಸಿದ ದಾರಿ ಅದು. ಬಸ್ಸು ಬಂತು. ಚಾಲಕ ಸರಿಯಾದವನೇ ಇರಬೇಕು, ಮುದುಕಿಯನ್ನು ನೋಡಿ ಬಸ್ಸಿನ ಮುಂಭಾಗವನ್ನು ನೆಲದ ಮಟ್ಟಕ್ಕೆ ತಗ್ಗಿಸಿದ. ವಿವಿಯನ್ ಹತ್ತಿ ಕೂತ ಮೇಲೆಯೇ ಬಸ್ಸು ಹೊರಟಿತು.

ದಾರ್ಕಾ ಇಳಿದು ವೈಪರ್ ಎತ್ತಿದಳು. ಅವಳೇ ಕೊಟ್ಟ ಖಾಲಿ ಕಾರ್ಡು. ಮುಂಬದಿಯಲ್ಲಿ ವಿವಿಯನ್‌ಳ ದುಂಡು ಅಕ್ಷರದಲ್ಲಿ ದಾರ್ಕಾಳ ಹೆಸರು, ಎದುರು ಮನೆಯ ವಿಳಾಸ. ಅಂಕಿಯ ಜಾಗದಲ್ಲಿ ಏನೂ ಬರೆದಿರಲಿಲ್ಲ. ಹಿಂಬದಿ ತಿರುಗಿಸಿದಳು. ನಾಲ್ಕು ಗೆರೆಗಳಲ್ಲಿ ಮೊದಲನೆಯದರಲ್ಲಿ ಮಾತ್ರ ಬರಹವಿತ್ತು.

"ಹಿಮದ ಮೇಲೆ ಜಾರಿ ಬಿದ್ಲು, ಅಷ್ಟೆ."

ಕಾರ್ಡಿನ ಮೇಲೆ ಹಿಮದ ಹರಳು ಒಂದೆರಡು ಬಿದ್ದು ಶಾಯಿ ಹರಡತೊಡಗಿತು. ದಾರ್ಕಾ ಅದನ್ನು ತೋಳಿಗೆ ಒತ್ತಿ ಒರೆಸಿ ಕೋಟಿನ ಒಳಜೇಬಿಗೆ ಹಾಕಿಕೊಂಡಳು. ಗಾಜಿನ ಹಿಂದೆ ಜೋಸಿ ಇನ್ನೂ ನಿಂತೇ ಇದ್ದಳು. ದಾರ್ಕಾ ಕಾರಿನೊಳಗೆ ಕೂತು, ಪಕ್ಕದ ಸೀಟಿನ ಮೇಲೆ ಒಮ್ಮೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಹೀಟರ್ ಆರಿಸಿದಳು.